ಭಾನುವಾರ ಬರುವುದಾದರೆ

ಠಾಕುರ್ಲಿ
೧೪ ಜುಲೈ ೨೦೨೫

ಪ್ರೀತಿಯ ದೇವದಾಸ್,

ಭಿವಂಡಿಯ ನಿಮ್ಮ ಹೋಟೆಲಿನ ಮೇಲಿನ ಕೋಣೆಯಲ್ಲಿ ನಿಮಗೆ ನಿದ್ದೆ ಬರುತ್ತಿರಬಹುದೆಂದುಕೊಂಡಿದ್ದೇನೆ. ಬರೆಯುವುದು ತಡವಾಯಿತು, ಬಲಗೈಯ ಪ್ಲಾಸ್ಟರ್ ತೆಗೆದದ್ದೇ ಮೊನ್ನೆ. ಫೋನಿನಲ್ಲಿ ನೀವು ಅಳುತ್ತೀರಿ, ನಾನು ಹೇಳಬೇಕಾದದ್ದು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ. ಮಗಳಿಗೆ ಹನ್ನೊಂದು ತುಂಬಿತು. ಕೇಕ್ ಅವಳೇ ಕತ್ತರಿಸಿದಳು.

ನಿಮ್ಮ ತಮ್ಮ ಜಯಶೀಲ ಬಂದಿದ್ದ. ನಿಮಗೆ ಮನೆಗೆ ಮರಳಬೇಕಂತೆ. "ಮಕ್ಕಳಿಗೆ ಒಂದೆರಡು ಬಿದ್ರೆ ಎಂತ ಆಗ್ತದೆ ಅತ್ತಿಗೆ? ನಾವೆಲ್ಲ ಪೆಟ್ಟು ತಿಂದೇ ದೊಡ್ಡವರಾದದ್ದಲ್ವಾ?" ಎಂದ. "ಹಾಗಾದ್ರೆ ತಿರುಗಿ ನಿಲ್ಲು, ಲಟ್ಟಣಿಗೆ ತರ್ತೇನೆ" ಎಂದೆ. ಚಹಾ ಅರ್ಧಕ್ಕೇ ಬಿಟ್ಟು ಹೋದ.

ಆ ಬೆಳಿಗ್ಗೆ ನಡೆದದ್ದನ್ನು ನೀವು ಸಿಟ್ಟು ಎನ್ನುತ್ತೀರಿ. ನಾನು ಕಂಡದ್ದನ್ನು ಬರೆಯುತ್ತೇನೆ. ಹೋಟೆಲಿನಲ್ಲಿ ಒಂದೇ ಉಸಿರಿಗೆ ಆರ್ಡರ್ ಕೂಗುವಂತೆ ಕೂಗಿದಿರಿ: "ಹಲ್ಲುಜ್ಜು, ಗ್ಯಾಸ್ ಬಂದ್ ಮಾಡು, ಬಾಟಲಿ ತುಂಬಿಸು, ಬ್ಯಾಗ್ ಹಾಕ್ಕೋ." ರಮಿತಾ ಹಲ್ಲುಜ್ಜುತ್ತ ಕಿಟಕಿಯ ಪಾರಿವಾಳ ನೋಡುತ್ತ ನಿಂತುಬಿಟ್ಟಳು. ಹಾಲು ಸೀದಿತು. ಲಟ್ಟಣಿಗೆ ನಿಮ್ಮ ಕೈಗೆ ಬಂತು. ಮೊದಲ ಏಟು ಬೆನ್ನಿಗೆ, ಮುಂದಿನದು ಕಿವಿಗೆ, ರಕ್ತ ಬಂತು. ಕೂದಲು ಹಿಡಿದು ಗೋಡೆಗೆ ಗುದ್ದಿದಿರಿ. ಮತ್ತೆ ಲಟ್ಟಣಿಗೆ ಎತ್ತಿದಾಗ ಅವಳ ತಲೆಗೆ ನನ್ನ ಕೈ ಅಡ್ಡ ಹಿಡಿದೆ. ಮೂಳೆ ಮುರಿದ ಸದ್ದು ನಿಮಗೂ ಕೇಳಿಸಿತು. ಆ ಸದ್ದಿಗೇ ನೀವು ನಿಂತದ್ದು, ಅವಳ ಕಿರುಚಾಟಕ್ಕಲ್ಲ.

ಥಾಣೆಯ ಡಾಕ್ಟರು ಇದು ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲುವುದಿಲ್ಲ ಎಂದಾಗ, "ಸೋಮಾರಿತನಕ್ಕೊಂದು ಇಂಗ್ಲಿಷ್ ಹೆಸರು" ಎಂದಿದ್ದಿರಿ. ಈಗ ಅವರು ಹೇಳಿದಂತೆ ಮಾಡುತ್ತಿದ್ದೇನೆ. ಒಂದು ಸಲಕ್ಕೆ ಒಂದೇ ಮಾತು, ಹತ್ತಿರ ಹೋಗಿ, ಹೆಗಲು ಮುಟ್ಟಿ. ಮೊದಮೊದಲು ಮುಟ್ಟಿದರೆ ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳುತ್ತಿದ್ದಳು. ಲೆಕ್ಕ ಮಾಡುವ ಮೊದಲು ಮೆಟ್ಟಿಲು ಹತ್ತಿಳಿಯುತ್ತಾಳೆ. ಕೆಳಗಿನ ಮನೆಯ ಆಜಿ, "ಕಾಯ್ ಗ ಘೋಡೀ, ಪುನ್ಹಾ?" ಎಂದು ನಗುತ್ತಾರೆ, ಕುದುರೆ ಮತ್ತೆ ಹೊರಟಿತಾ ಎಂದು. ನಿಂತೇ ಬರೆಯುತ್ತಾಳೆ, ಬರೆಯಲಿ. ಎಲ್ಲ ದಿನವೂ ಸಾಗುವುದಿಲ್ಲ. ನಿನ್ನೆ ಪುಸ್ತಕ ಹರಿದು ನನ್ನ ಮುಖಕ್ಕೆಸೆದಳು. ಬಾಲ್ಕನಿಗೆ ಹೋಗಿ, ಬಾಯಿಗೆ ಬರುವ ಒಂದು ಪದ್ಯ ಮುಗಿಯುವವರೆಗೆ ನಿಂತು, ಒಳಗೆ ಬಂದೆ. ಪದ್ಯಗಳು ಇದಕ್ಕೂ ಒದಗುತ್ತವೆಂದು ಎಂಎ ಓದುವಾಗ ಯಾರೂ ಹೇಳಿರಲಿಲ್ಲ.

ಭಾನುವಾರ ಊಟಕ್ಕೆ ಬನ್ನಿ. ಸಂಜೆ ಹೊರಡಬೇಕು. ಉಳಿಯುವ ಮಾತು ನೀವೂ ಆ ಡಾಕ್ಟರ ಮುಂದೆ ನಮ್ಮ ಜೊತೆ ಕುಳಿತ ಮೇಲೆ.

ದೇವರು ನಿಮ್ಮ ಕೈಯನ್ನು ತಣ್ಣಗಿಟ್ಟಿರಲಿ.

ನಿಮ್ಮ
ಮೋಹಿನಿ

ತಾ.ಕ.: ಕಾಗದ ಮಡಿಸಿಟ್ಟು ರಮಿತಾಳನ್ನು ನೋಡಲು ಹೋದೆ. ನೀವು ಭಾನುವಾರ ಬರುತ್ತೀರೆಂದು ಮಧ್ಯಾಹ್ನವೇ ಹೇಳಿದ್ದೆ, ಸುಮ್ಮನೆ ತಲೆಯಾಡಿಸಿದ್ದಳು. ಈಗ ಶಾಲೆಯ ಶೂ ಹಾಕಿಕೊಂಡೇ ಮಲಗಿದ್ದಾಳೆ, ಲೇಸು ಬಿಗಿದು. ಬೆಳಗಿನ ಅವಸರಕ್ಕೆ ಅವಳೇ ಕಂಡುಕೊಂಡ ಉಪಾಯವೆಂದು ನಕ್ಕೆ. "ಪಪ್ಪಾ ಆನೇವಾಲೇ ಹೈ ನಾ," ಎಂದಳು, "ಭಾಗ್ತೇ ಟೈಮ್ ಢೂಂಢ್ನಾ ನ ಪಡೇ." ನೀವು ಬರುತ್ತೀರಲ್ಲ, ಓಡುವ ಹೊತ್ತಿಗೆ ಶೂ ಹುಡುಕುತ್ತ ನಿಲ್ಲಬಾರದಂತೆ. ಇವತ್ತಿನಿಂದಲೇ ಅಭ್ಯಾಸವಂತೆ.

ಭಾನುವಾರ ಬರಬೇಡಿ.