ಮಂಗಳವಾರದ ಹೊರಬೀಡು

ವರದೆಯ ದಂಡೆ, ಶಿರಸಿ ತಾಲೂಕು
ಶನಿವಾರ, ೧೪ ಮಾರ್ಚ್ ೧೯೩೬

ಯಜಮಾನರ ಪಾದಗಳಿಗೆ ಸಾವಿತ್ರವ್ವನ ಶರಣು.

ನೀವು ಧಾರವಾಡದಲ್ಲಿ ಪಂಡಿತರ ಎದುರು ಕೂತು ನಮ್ಮ ಹೊಳೆಸಾಲಿನ ಇತಿಹಾಸ ಓದಿ ಹೇಳುತ್ತಿರಬಹುದು. ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ ಇಲ್ಲವೋ. ಹಳೆಯ ಮಡಕೆಯ ಬೋಕಿಯೊಂದು ಸಿಕ್ಕರೆ ಹೆಂಡತಿಯನ್ನೇ ಮರೆಯುವವರು, ಊಟ ನೆನಪಿರುತ್ತದೆಯೇ? ತಮಾಷೆಯ ಹೊತ್ತಲ್ಲ ಇದು. ನನಗೆ ಹೆದರಿಕೆಯಾಗಿದೆ. ಈ ಕಾಗದ ಕೈಸೇರಿದ ಕೂಡಲೇ ಹೊರಟು ಬನ್ನಿ.

ನೀವು ಹೋದ ಮೂರನೆಯ ದಿನ ಊರಿಗೆ ವಾಂತಿಭೇದಿ ಬಂತು. ಎಂಟು ದಿನದಲ್ಲಿ ನಾಲ್ವರು ಹೋದರು. ಮೊದಲು ಹೋದದ್ದು ಗೌಡರಾದ ಶಿವಪುತ್ರಪ್ಪನವರ ಮೊಮ್ಮಗಳು, ನಿಮ್ಮ ಶಾಲೆಯ ಒಂದನೇ ಇಯತ್ತೆಯ ಹುಡುಗಿ. ನೀರು ಕಾಯಿಸಿ ಕುಡಿಯಿರಿ ಎಂದು ಶಿರಸಿಯ ಡಾಕ್ಟರರು ಹೇಳಿ ಹೋದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಳೆದಂಡೆಯಲ್ಲಿ ಹಳೆಯವರ ಸಮಾಧಿ ಕೆದರಿದ್ದಕ್ಕೇ ಹೀಗಾಯಿತು ಎಂಬ ಮಾತು ಊರೆಲ್ಲ ಹಬ್ಬಿದೆ.

ಅದನ್ನು ಅಗೆಸಿದವರು ನೀವು. ಬೈರ ಕೂಲಿಗೆ ಗುದ್ದಲಿ ಹಿಡಿದವನು, ಅಷ್ಟೆ. ಸೊಂಟದೆತ್ತರದ ಮಣ್ಣಿನ ಬಾನಿ, ಒಳಗೆ ಮಂಡಿ ಮಡಚಿ ಕೂತ ಎಲುಬು. ನಮ್ಮವರನ್ನೂ ಕೂರಿಸಿಯೇ ಮಣ್ಣು ಮಾಡುತ್ತೇವಲ್ಲ, ಅದನ್ನು ನೋಡಿ ನಾನು ಕೈಮುಗಿದೆ. ಬನವಾಸಿಯ ಅರಸರಿಗಿಂತ ಮೊದಲೇ ಇಲ್ಲಿ ಒಕ್ಕಲಿದ್ದವರು ಇವರು ಎಂದು ನೀವು ಹಿಗ್ಗಿದಿರಿ. ನಾನು ಬೇಡವೆಂದರೂ ಬುರುಡೆಯನ್ನು ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟು ಹೋದಿರಿ.

ಬರುವ ಮಂಗಳವಾರ ಹೊರಬೀಡು ಎಂದು ಗೌಡರು ಡಂಗುರ ಹೊಡೆಸಿದ್ದಾರೆ. ಬೆಳಗಾಗುವುದರೊಳಗೆ ಊರಿನ ಪ್ರತಿ ಒಲೆಯೂ ಆರಬೇಕು. ದನಕರು ಸಮೇತ ಎಲ್ಲರೂ ಊರು ಬಿಟ್ಟು ಹೊಳೆದಂಡೆಯಲ್ಲಿ ಬೇಯಿಸಿ ಉಂಡು, ಹೊತ್ತು ಮುಳುಗುವಾಗ ಹೊಸ ಬೆಂಕಿ ಹಿಡಿದು ಒಳಗೆ ಬರಬೇಕು. ಮಾರಿ ಹೊರಗೇ ಉಳಿಯುತ್ತಾಳಂತೆ. ಈ ಸಲ ಅವಳ ಜೊತೆ ಬೈರನ ಮನೆಯವರನ್ನೂ ಹೊರಗೇ ಬಿಟ್ಟು ಊರ ಅಗಸೆಬಾಗಿಲು ಮುಚ್ಚುವುದೆಂದು ಚಾವಡಿಯಲ್ಲಿ ತೀರ್ಮಾನವಾಗಿದೆ. ಅವನ ಕೂಸಿಗೂ ನಿನ್ನೆಯಿಂದ ಭೇದಿ. ಮಾರಿಯ ಜೊತೆ ಹೊರಹಾಕಿದವರಿಗೆ ಸುತ್ತಿನ ಯಾವ ಊರೂ ನೆರಳು ಕೊಡುವುದಿಲ್ಲ.

ಬೈರನ ಹೆಂಡತಿ ನಿನ್ನೆ ಹಿತ್ತಿಲಿಗೆ ಬಂದಿದ್ದಳು. ‘ಅವ್ವಾರ, ಮಾಸ್ತರ್ರು ಅಗಿ ಅಂದಿದ್ದಕ್ಕ ಅಗದಾನ್ರಿ. ಅದೊಂದ್ ಮಾತು ಗೌಡ್ರಿಗೆ ಹೇಳ್ರಿ’ ಎಂದು ಅತ್ತಳು. ಅವರು ಬರಲಿ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡೆ.

ಹೋದ ವರ್ಷ ಹೊಳೆಯ ದಡ ಕುಸಿದಲ್ಲಿ ನೀವು ನನಗೆ ಬೂದಿಯ ಪದರ ತೋರಿಸಿದ್ದಿರಿ. ಅದು ಹಳೆಯವರ ಒಲೆಗಳದ್ದು, ಅದರ ಮೇಲೆ ಬರೀ ಮರಳು. ಆಮೇಲೆ ಅವರು ಎಲ್ಲಿ ಹೋದರು ಎಂದಾಗ ಗೊತ್ತಿಲ್ಲ ಎಂದಿರಿ. ಈಗ ಒಲೆಯ ಮುಂದೆ ಕೂತಾಗೆಲ್ಲ ಅದೇ ಯೋಚನೆ. ಅವರೂ ಹೀಗೇ ಒಲೆ ಆರಿಸಿ ಹೊರಟಿರಬೇಕು, ಮರಳಿ ಬರಲು ಯಾರೂ ಉಳಿಯಲಿಲ್ಲವೇನೋ. ಹುಚ್ಚಿ ಎಂದು ನಗಬೇಡಿ.

ಒಲೆ ಆರಿದೆಯೋ ಎಂದು ನೋಡಲು ಮಂಗಳವಾರ ಮನೆಮನೆಯ ಒಳಗೂ ಬರುತ್ತಾರೆ. ಅಟ್ಟ ಹತ್ತಿದರೆ ಏನು ಹೇಳಲಿ? ನೀವು ಮೊದಲೇ ಬಂದು ಚಾವಡಿಯಲ್ಲಿ ನಿಂತು, ಅಗೆಸಿದವನು ನಾನು ಎನ್ನಿ. ಸರಕಾರಿ ಶಾಲೆಯ ಮಾಸ್ತರರನ್ನು ಬೈಯಬಹುದು, ದಂಡ ಹಾಕಬಹುದು, ಅಷ್ಟೆ. ಬೈರನ ಬೆನ್ನಿಗೆ ಯಾರಿದ್ದಾರೆ?

ಧಾರವಾಡಕ್ಕೆ ಅಡಿಕೆ ಸಾಗಿಸುವ ಶಿರಸಿಯ ರಸೂಲ್ ಸಾಹೇಬರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವರ ಲಾರಿ ಸೋಮವಾರ ಬೆಳಿಗ್ಗೆ ವಾಪಸು ಹೊರಡುತ್ತದೆ. ಅದರಲ್ಲೇ ಬನ್ನಿ.

ನಿಮ್ಮ ದಾರಿ ನೋಡುತ್ತಿರುವ
ಸಾವಿತ್ರವ್ವ

ತಾ. ಕ.: ಮೇಲೆ ಇದನ್ನು ಬರೆಯಲು ಕೈ ಬರಲಿಲ್ಲ. ಮೊಮ್ಮಗಳನ್ನು ಮಣ್ಣು ಮಾಡಿದ ಗೌಡರು ಮೈಮೇಲಿನ ಒದ್ದೆಬಟ್ಟೆಯಲ್ಲೇ ನೇರ ನಮ್ಮ ಬಾಗಿಲಿಗೆ ಬಂದಿದ್ದರು. ‘ಅದನ್ನ ಅಗದವ್ರು ಯಾರವ್ವಾ?’ ಎಂದು ಕೇಳಿದರು. ಬೈರನ ಹೆಸರು ಹೇಳಿದವಳು ನಾನೇ. ಅವನ ಹೆಂಡತಿಗೆ ಇನ್ನೂ ಗೊತ್ತಿಲ್ಲ. ನೀವು ಬರದಿದ್ದರೆ ನಾನು ನಿಜ ಹೇಳಿಯೇನೆಂದು ನಂಬಿ ಕೂರಬೇಡಿ.