ಕಿತ್ತ ರೆಸಿಸ್ಟರ್

ಮಂಗಳವಾರ, ಮಾರ್ಚ್ ೧೨

ಭಾವಮೈದನನ್ನು ವರ್ಕ್‌ಶಾಪಿಗೆ ಸೇರಿಸಿಕೊಂಡಾಗಲೇ ಗೊತ್ತಿತ್ತು, ಇವನು ಮಾಡುವ ಕೆಲಸಕ್ಕಿಂತ ಮಾಡದ ಕೆಲಸವೇ ಲಾಭ ಎಂದು. ಇವತ್ತು ನಾಟಕದ ಹಾಲಿನಲ್ಲಿ ನಮ್ಮ ಆಂಪ್ಲಿಫೈಯರಿನ ಪರೀಕ್ಷೆ. ಮ್ಯಾನೇಜರ್ ಮೈಕಿನ ಮುಂದೆ ಬಾಯಿ ತೆರೆದದ್ದೇ ತಡ, ಮಾತು ಸತ್ತು ಬರೀ ಗರಗರ.

"ಇದೇನ್ರೀ, ಮೈಕ್ ಸೆಟ್ಟೋ ಹಿಟ್ಟಿನ ಗಿರಣಿಯೋ?" ಎಂದರು.

ಬಿಚ್ಚಿ ನೋಡಿದರೆ ಫೀಡ್‌ಬ್ಯಾಕ್ ರೆಸಿಸ್ಟರ್ ಮಾಯ.

"ನಾನೇ ಕಿತ್ತೆ ಭಾವ," ಎಂದ ಮಹಾಶಯ. "ಆಚೆ ಬಂದ ಸದ್ದನ್ನ ಮತ್ತೆ ಒಳಗೆ ಕಳಿಸಿ ಕಮ್ಮಿ ಮಾಡ್ಕೊಳ್ಳೋದು ಯಾವ ಜಾಣತನ? ನಷ್ಟ ತಾನೆ?"

ಆ ನಷ್ಟದಲ್ಲೇ ನಮ್ಮ ಅನ್ನವಿದೆ. ಹೊರಬಂದದ್ದರಲ್ಲಿ ಒಂದು ಪಾಲು ಹಿಂದಿರುಗಿ ಎದುರು ನಿಂತು ತಡೆದರೆ ತಾನೇ ಆಂಪ್ಲಿಫೈಯರಿನ ಚಿಪ್ ಸದ್ದನ್ನು ನೂರು ಪಟ್ಟು ಎಂದರೆ ನೂರೇ ಪಟ್ಟು ಹೆಚ್ಚಿಸುವುದು? ತಡೆಯುವವರಿಲ್ಲದಿದ್ದರೆ ಲಕ್ಷ ಪಟ್ಟು ಹಾರಲು ಹೋಗಿ ಸೂರಿಗೆ ತಲೆ ಚಚ್ಚಿಕೊಳ್ಳುತ್ತದೆ; ಆ ಗರಗರ ಅದೇ. ಮ್ಯಾನೇಜರರ ಕೈಕಾಲು ಹಿಡಿದು ನಾಳೆ ಬೆಳಿಗ್ಗೆ ಇನ್ನೊಂದು ಪರೀಕ್ಷೆಗೆ ಒಪ್ಪಿಸಿದೆ. ಅದೂ ಕೆಟ್ಟರೆ ಹಾಲಿನ ಕೆಲಸ ಎದುರಂಗಡಿಯವನ ಪಾಲು.

ಮನೆಗೆ ಬಂದರೆ ಇವಳದು ಶುರು: "ನನ್ನ ತಮ್ಮನ್ನ ಎಲ್ಲರ ಮುಂದೆ ಕತ್ತೆ ಅಂದ್ರಂತೆ."

"ಇನ್ನೂ ಅಂದಿಲ್ಲ, ಬಾಕಿ ಇದೆ," ಎಂದೆ.

ಸಂಜೆ ಕೆಳಗಿನ ಕೋಣೆಯಲ್ಲಿ ರೆಸಿಸ್ಟರ್ ಬೆಸೆದು, ಪರೀಕ್ಷೆಯ ನೆಪದಲ್ಲಿ ಮೈಕ್ ಹಿಡಿದು ಅವನನ್ನು ಬೈದು ಬಾಕಿ ತೀರಿಸಿದೆ. ಅವನ ಓದಿನಿಂದ ಮೀಸೆಯವರೆಗೆ ಒಂದನ್ನೂ ಬಿಡಲಿಲ್ಲ. ಮುಗಿಸಿ ಉಸಿರು ಬಿಟ್ಟರೆ ಮಹಡಿಯಲ್ಲಿಟ್ಟ ಸ್ಪೀಕರಿನ ಬಳಿಯಿಂದ ಅವನ ದನಿ ಬಂತು:

"ಭಾವ, ಈಗ ಒಂದೊಂದು ಅಕ್ಷರಾನೂ ಸ್ಪಷ್ಟವಾಗಿ ಕೇಳ್ತಿದೆ. ನಾಳೆಗೇನೂ ತೊಂದರೆ ಇಲ್ಲ."

ಇಂಥವನನ್ನು ಬೈದು ಬಾಯಿ ಒಣಗಿಸಿಕೊಂಡದ್ದೇ ಬಂತು. ವೈರ್ ಕಟರನ್ನು ಅವನ ಕೈಗೆ ಸಿಗದಂತೆ ನನ್ನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ನಾಳೆ ಹಾಲಿನ ಬಾಗಿಲ ಹತ್ತಿರ ಅವನೇನಾದರೂ ಸುಳಿದರೆ, ಇದೇ ಬೈಗುಳವನ್ನು ಹಾಲಿನ ಮೈಕಿನಲ್ಲಿ ಊರಿಗೆಲ್ಲ ಕೇಳಿಸುತ್ತೇನೆ.