ಯಾವ ಜೋನ್ಸ್?

ಸೆಪ್ಟೆಂಬರ್ 29, 2003, ಸೋಮವಾರ

ಅಮ್ಮನಿಗೆ ಓಟ್ಸ್ ಗಂಜಿ, ಮಾತ್ರೆ, ಕನ್ನಡಕ. ಆಮೇಲೆ ಕಿಟಕಿಯ ಕಾರ್ಡು ಒರೆಸಿದ್ದಾಯಿತು. ಪ್ರತಿ ಸೋಮವಾರದ ಕೆಲಸ. ಅಮ್ಮನದು ಕುರ್ಚಿಯಿಂದಲೇ ಮೇಲ್ವಿಚಾರಣೆ. ಒದ್ದೆ ಬಟ್ಟೆ ಬೇಡ, ಚೌಕಟ್ಟಿನ ಮೂಲೆ ಬಿಟ್ಟೆ, ನಿನಗೆ ಐವತ್ತೇಳಾದರೂ ಒರೆಸಲು ಬರಲಿಲ್ಲ...

ಕಾರ್ಡಿನ ಮೇಲೆ ಒಂದೇ ಸಾಲು. ‘ಈ ಮನೆಯಲ್ಲಿ ದ್ರೋಹಿ ಇಲ್ಲ.’ ಸ್ಲೇಟು ಕಲ್ಲಿನ ಕ್ವಾರಿಯ ಮುಷ್ಕರ ನಡೆದ ಮೂರು ವರ್ಷ ಊರಿನ ಹೆಚ್ಚುಕಡಿಮೆ ಎಲ್ಲ ಕಿಟಕಿಯಲ್ಲೂ ಇಂಥದೊಂದು ಇತ್ತಂತೆ, ಇಲ್ಲಿ ಯಾರೂ ಮುಷ್ಕರ ಮುರಿದು ಕೆಲಸಕ್ಕೆ ಹೋಗಿಲ್ಲ ಎಂದು ಸಾರಲು. ಉಳಿದವರದು ಒಲೆಗೆ ಹೋಯಿತು. ನಮ್ಮದು ಮಾತ್ರ ಉಳಿಯಿತು. ಅದಕ್ಕೇ, ಅರ್ಧ ಜನ ಜೋನ್ಸರೇ ಇರುವ ಈ ಊರಲ್ಲಿ ನಾವು ‘ಕಾರ್ಡಿನ ಮನೆ ಜೋನ್ಸ್’.

ಸಂಜೆ ಹಾಲ್‌ನಲ್ಲಿ ಸಮಿತಿ ಸಭೆ. ಮುಷ್ಕರ ಮುಗಿದು ನೂರು ವರ್ಷ, ನವೆಂಬರ್ ಹದಿನೈದಕ್ಕೆ ಸಮಾರಂಭ. ಅವತ್ತು ಗೋಡೆಯ ಮೇಲೆ ಈ ಊರು ಕೊಟ್ಟ ಹನ್ನೆರಡು ಹೆಸರಾಂತ ಜೋನ್ಸರ ಫೋಟೋ. ನಡುವೆ ನಮ್ಮ ಕಾರ್ಡು. ಅಧ್ಯಕ್ಷ ಟೆಗ್ವಿನ್ — ಬ್ರೆಡ್ಡು ಜೋನ್ಸ್. ಹಿಟ್ಟು ಮುಟ್ಟಿದವನಲ್ಲ, ಇನ್ಶೂರೆನ್ಸ್ ಏಜೆಂಟ್. ಬೇಕರಿ ಇದ್ದದ್ದು ಅವನ ತಾತನಿಗೆ. ಈ ಊರಲ್ಲಿ ತಾತ ಏನಾಗಿದ್ದನೋ ಮೊಮ್ಮಗ ಸಾಯುವ ತನಕ ಅದೇ.

ಪ್ರತಿಯೊಬ್ಬರ ಬಗ್ಗೆ ಬರೆಯುವ ಕೆಲಸ ನನ್ನ ತಲೆಗೆ. ಲೈಬ್ರರಿಯವಳಲ್ಲವೇ. ಹೆಸರಿನ ಕೆಳಗೆ ಅಡ್ಡಹೆಸರು ಕಡ್ಡಾಯ, ಇಲ್ಲದಿದ್ದರೆ ಯಾವ ಜೋನ್ಸ್ ಎಂದು ಜನ ಪ್ರಾಣ ತಿನ್ನುತ್ತಾರೆ. ಬೆನ್ನುಮೂಳೆಯ ಸರ್ಜನ್, ಮೂಳೆ ಜೋನ್ಸ್. ಸರಿ. ನಿಘಂಟು ಬರೆದ ಪಾದ್ರಿ, ಆಮೆನ್ ಜೋನ್ಸ್ — ಅವರ ಪ್ರಾರ್ಥನೆ ಮುಗಿಯುತ್ತಲೇ ಇರಲಿಲ್ಲವಂತೆ. ದೇಶಕ್ಕಾಗಿ ಆಡಿದ ಗೋಲ್‌ಕೀಪರ್, ಜರಡಿ ಜೋನ್ಸ್. ಒಂದೇ ಒಂದು ಪಂದ್ಯದಲ್ಲಿ ಒಂಬತ್ತು ಗೋಲು ಬಿಟ್ಟ ಪುಣ್ಯಾತ್ಮ. ಹಾರ್ಪ್ ನುಡಿಸುವವಳು, ಭೂಪಟ ಬರೆದವನು, ಸರ್ಕಸ್ಸಿನಲ್ಲಿ ಕುದುರೆ ಎತ್ತಿದವನು...

ಒಲ್ವೆನ್ ಜೋನ್ಸ್ ಹೆಸರು ಹೇಳಿದೆ. ಹ್ಯಾಂಬರ್ಗ್, ಮಿಲಾನ್‌ನಲ್ಲಿ ಒಪೆರಾ ಹಾಡಿದವಳು. ಟೆಗ್ವಿನ್ ಪೆನ್ನಿನ ಕ್ಯಾಪು ಹಾಕಿದ, ತೆಗೆದ. ಅವಳು ಜೋನ್ಸ್ ಬಿಟ್ಟು ಒಲ್ವೆನ್ ರೋಸ್ ಎಂದು ಹೆಸರಿಟ್ಟುಕೊಂಡಳಲ್ಲ, ಪಟ್ಟಿಗೆ ಸೇರುವುದಿಲ್ಲ ಎಂದ. ಕಾರಣ ಅದಲ್ಲ. ಅವಳ ಮನೆತನದ ಅಡ್ಡಹೆಸರು ‘ದ್ರೋಹಿ ಜೋನ್ಸ್’, ಫೋಟೋದ ಕೆಳಗೆ ಅದನ್ನೇ ಬರೆಯಬೇಕಾಗುತ್ತದೆ. ಎಲ್ಲರಿಗೂ ಗೊತ್ತು, ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಅಕ್ಟೋಬರ್ 1, ಬುಧವಾರ

ಗೆಥಿನ್ ಮನೆ ಮುಂದೆ ‘ಮಾರಾಟವಾಗಿದೆ’ ಬೋರ್ಡು. ಒಲ್ವೆನ್‌ಳ ತಮ್ಮ. ನಮ್ಮದು ನಡುಸಾಲು ಬೀದಿಯ ಐದನೇ ಮನೆ, ಅವನದು ಆರನೆಯದು. ಮಧ್ಯೆ ಒಂದು ಗೋಡೆ. ಅವನು ಒಲೆ ಕೆದಕುವುದು, ಕೆಮ್ಮುವುದು, ರೇಡಿಯೋದ ಹವಾಮಾನ ವಾರ್ತೆ, ಎಲ್ಲ ಕೇಳುತ್ತದೆ. ನವೆಂಬರ್ ಹದಿನಾಲ್ಕಕ್ಕೆ ಲಿವರ್‌ಪೂಲಿಗೆ, ಸೋದರ ಸೊಸೆಯ ಮನೆಗೆ ಹೊರಡುತ್ತಾನಂತೆ. ಇದನ್ನೂ ಅಂಗಡಿಯವಳೇ ಹೇಳಬೇಕಾಯಿತು.

ಮೂವತ್ತೆಂಟು ವರ್ಷ ಅಂಚೆ ಹಂಚಿದ. ಲಕೋಟೆಯ ಮೇಲೆ ಬರೀ ‘ಜೋನ್ಸ್’ ಇದ್ದರೂ ಕೈಬರಹ ನೋಡಿ ಯಾರದ್ದೆಂದು ಹೇಳುತ್ತಿದ್ದ. ಯಾರೋ ಪುಂಡರು ‘ದ್ರೋಹಿ ಜೋನ್ಸ್’ ಎಂದು ವಿಳಾಸ ಬರೆದು ಖಾಲಿ ಲಕೋಟೆ ಹಾಕುತ್ತಿದ್ದರು. ಅದನ್ನೂ ಚೀಲದಲ್ಲಿ ಹೊತ್ತು ತಂದು, ತನ್ನ ಬಾಗಿಲಿನ ಸಂದಿಯಲ್ಲಿ ತಾನೇ ಹಾಕಿಕೊಳ್ಳುತ್ತಿದ್ದ. ಒಮ್ಮೆ ಕಿಟಕಿಯಿಂದ ನೋಡಿದೆ. ನಗುತ್ತಿದ್ದ ಅನಿಸುತ್ತದೆ.

ನನಗೆ ಇಪ್ಪತ್ತೆರಡಾಗಿದ್ದಾಗ ಅವನು ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದ. ಚಾಪೆಲ್ ಹಿಂದಿನ ಮೆಟ್ಟಿಲಲ್ಲಿ. ಹೂಂ ಅನ್ನಬೇಕೆಂದು ಮನೆಗೆ ಬಂದೆ. ಅಮ್ಮ ಕಾರ್ಡಿನ ಕಡೆ ಕೈ ತೋರಿಸಿದಳು, ಅಷ್ಟೆ. ಇದನ್ನು ಎಷ್ಟು ಡೈರಿಗಳಲ್ಲಿ ಎಷ್ಟು ಸಲ ಬರೆದಿದ್ದೇನೋ. ಸಾಕು.

ಅಕ್ಟೋಬರ್ 16, ಗುರುವಾರ

ಬಸ್ಸಿನಲ್ಲಿ ಜಿಲ್ಲಾ ದಾಖಲೆ ಕಚೇರಿಗೆ. ಸರ್ಕಸ್ ಜೋನ್ಸ್ ಕ್ವಾರಿಯಲ್ಲಿದ್ದ ವರ್ಷ ಹುಡುಕಲು. ಕ್ವಾರಿ ಕಚೇರಿಯ ಹಳೇ ರಿಜಿಸ್ಟರುಗಳನ್ನು ಕಳೆದ ವರ್ಷವಷ್ಟೇ ಕೊಟ್ಟಿದ್ದಾರೆ. ಮುಷ್ಕರ ಮುರಿದು ಕೆಲಸಕ್ಕೆ ಮರಳಿದವರದ್ದೇ ಒಂದು ಬೇರೆ ಪುಸ್ತಕ. ನೋಡಬಾರದಿತ್ತು.

ನಮಗೆಲ್ಲ ಗೊತ್ತಿದ್ದ ಕಥೆ ಹೀಗೆ. ಮರಳಿದವರ ಪಟ್ಟಿ ಪತ್ರಿಕೆಯಲ್ಲಿ ಬಂತು. ಅದರಲ್ಲಿ ‘ಜಾನ್ ಜೋನ್ಸ್, ನಡುಸಾಲು’. ನಡುಸಾಲಿನಲ್ಲಿ ಜಾನ್ ಜೋನ್ಸರು ಇಬ್ಬರು, ಐದನೇ ಮನೆಯಲ್ಲಿ ನನ್ನ ಮುತ್ತಾತ, ಆರನೆಯದರಲ್ಲಿ ಗೆಥಿನ್‌ನ ತಾತ. ಇಬ್ಬರೂ ಆಗ ಊರಲ್ಲಿರಲಿಲ್ಲ. ನಮ್ಮವರು ದಕ್ಷಿಣದ ಕಲ್ಲಿದ್ದಲು ಗಣಿಗೆಂದೂ ಅವರು ಲಿವರ್‌ಪೂಲ್ ಬಂದರಿಗೆಂದೂ ಹೇಳಿ ಹೋಗಿದ್ದರು. ಯಾವ ಜೋನ್ಸ್? ಊರವರು ಕಿಟಕಿ ನೋಡಿದರು. ನಮ್ಮಲ್ಲಿ ಕಾರ್ಡಿತ್ತು. ಅವರು ಮೊದಲಿನಿಂದಲೂ ಕಾರ್ಡು ಹಾಕಿರಲಿಲ್ಲ, ‘ನನ್ನ ಮಾತು ಸಾಲದೇ’ ಎಂದುಬಿಟ್ಟಿದ್ದರಂತೆ. ತೀರ್ಮಾನವಾಯಿತು.

ರಿಜಿಸ್ಟರಿನಲ್ಲಿ ಪೂರ್ತಿ ಇದೆ. ‘ಜಾನ್ ಜೋನ್ಸ್, ನಡುಸಾಲು 5. ಹೆಂಡತಿ ಕಾಟ್ರಿನ್, ಮಕ್ಕಳು ಐದು. ಕಡಲತೀರದ ಸ್ಲೇಟು ಗೋದಾಮಿಗೆ ಹಾಕಿದೆ, ಊರವರ ಕಣ್ಣಿಗೆ ಬೀಳದಂತೆ ಎಂದು ಅವನದೇ ಕೋರಿಕೆ.’ ಕೆಳಗೆ ಸಹಿ. ನಮ್ಮ ಮನೆಯ ಬೈಬಲಿನ ಮೊದಲ ಹಾಳೆಯಲ್ಲಿರುವ ಅದೇ ಸಹಿ. ಬಾಲ ಸುತ್ತಿದ ಜೆ.

ಮೂರು ಸಲ ಓದಿದೆ. ಆ ಪುಟದ ಜೆರಾಕ್ಸ್ ಮಾಡಿಸಿಕೊಂಡೆ. ಕೌಂಟರಿನ ಹುಡುಗಿ ಟೀ ಬೇಕೇ ಎಂದು ಕೇಳಿದಳು. ಮುಖ ಹಾಗಿತ್ತೇನೋ.

ಸಂಜೆ ಅಮ್ಮ ಕೇಳಿದಳು, ಏನು ಸಿಕ್ಕಿತು ಅಂತ. ಏನೂ ಇಲ್ಲ ಅಂದೆ.

ನವೆಂಬರ್ 3, ಸೋಮವಾರ

ಹದಿನೆಂಟು ದಿನ ಬರೆದಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎಂಬ ಭಯ. ಬಾಯಲ್ಲಿ ಬಿಸಿತುಪ್ಪ. ನುಂಗಲಾರೆ, ಉಗುಳಲಾರೆ. ಹೇಳಿದರೆ ಎಂಬತ್ತೆಂಟರ ಅಮ್ಮ ತಲೆ ಎತ್ತಿ ಚಾಪೆಲ್ಲಿಗೆ ಹೋಗುವುದು ನಿಲ್ಲುತ್ತದೆ. ಹೇಳದಿದ್ದರೆ ಗೆಥಿನ್ ‘ದ್ರೋಹಿ’ಯಾಗಿಯೇ ಊರು ಬಿಡುತ್ತಾನೆ. ಹನ್ನೊಂದು ದಿನ ಉಳಿದಿದೆ.

ಇವತ್ತು ಕಾರ್ಡು ಒರೆಸಲಿಲ್ಲ. ಅಮ್ಮ ಬಿಡುವವಳೇ? ಜೋನ್ಸಾಗಿ ಹುಟ್ಟಿ ಜೋನ್ಸನನ್ನೇ ಕಟ್ಟಿಕೊಂಡವಳು, ಕರವಸ್ತ್ರದ ಮೇಲೆ ಹೊಲಿದ ಅಕ್ಷರವನ್ನೂ ಬದಲಿಸಬೇಕಾಗಿ ಬಂದವಳಲ್ಲ. ಈ ಮನೆ, ಈ ಹೆಸರು ಬಿಟ್ಟರೆ ಅವಳಿಗೆ ಬೇರೇನೂ ಇಲ್ಲ. ನನಗಾದರೂ ಏನಿದೆ?

ಗೋಡೆಯಾಚೆ ಪೆಟ್ಟಿಗೆಗಳನ್ನು ಎಳೆಯುವ ಸದ್ದು. ದಿನವಿಡೀ.

ನವೆಂಬರ್ 11, ಮಂಗಳವಾರ, ಮಧ್ಯಾಹ್ನ

ಬೆಳಿಗ್ಗೆ ಟೆಗ್ವಿನ್ ಬಂದ. ಕಾರ್ಡು ಒಯ್ಯಲು. ಅಮ್ಮ ಒಣದ್ರಾಕ್ಷಿ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಹಚ್ಚಿಸಿ ಕೊಟ್ಟಳು. ಶನಿವಾರ ಹೊಸ ಟೋಪಿ ಹಾಕುತ್ತಾಳಂತೆ. ಕಾರ್ಡು ನಾನೇ ತರುತ್ತೇನೆ ಎಂದು ಅವನನ್ನು ಸಾಗಹಾಕಿದೆ. ನಾಲ್ಕು ಮಾತನಾಡಲೂ ಬೇಕಂತೆ ನಾನು. ಹೊರಡುವಾಗ ಬಾಗಿಲಲ್ಲಿ ನಿಂತು ಗೆಥಿನ್‌ನ ಬೋರ್ಡು ನೋಡಿ, “ಅಂತೂ ಸಾಲು ಕ್ಲೀನ್ ಆಯ್ತು ಬಿಡಿ” ಎಂದ. ನಗಲೆಂದೇ ಅಂದದ್ದು. ಅಮ್ಮ ನಕ್ಕಳು.

ಅವನು ಹೋದ ಮೇಲೆ ತಡೆಯಲಾಗಲಿಲ್ಲ. ರಿಜಿಸ್ಟರಿನ ಜೆರಾಕ್ಸ್ ಅಮ್ಮನ ತೊಡೆಯ ಮೇಲಿಟ್ಟೆ. ಕನ್ನಡಕ ಕೊಟ್ಟೆ. ಹಾಕಿಕೊಳ್ಳಲೇ ಇಲ್ಲ.

“ಅದ್ರಲ್ಲಿ ಏನಿದೆ ಅಂತ ನಂಗೊತ್ತು” ಅಂದಳು.

ಸಾಯುವಾಗ ಅವಳ ತಾತ, ಅದೇ ಆ ಜಾನ್ ಜೋನ್ಸ್, ಕೈ ಹಿಡಿದುಕೊಂಡು ಹೇಳಿದ್ದರಂತೆ. ಆಗ ಇವಳಿಗೆ ಹನ್ನೊಂದು. ಹೊಟ್ಟೆಗಿಲ್ಲದೆ ಚಿಕ್ಕ ಮಗು ಅತ್ತೂ ಅತ್ತೂ ಸದ್ದೇ ನಿಂತಾಗ ಹೋಗಿ ಸಹಿ ಹಾಕಿದೆ ಅಂದರಂತೆ. ಕಾರ್ಡು ಮಾತ್ರ ತೆಗೆಯಬೇಡಿ ಅಂದರಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನೂರು ವರ್ಷದಿಂದ ನಾವು ಸೋಮವಾರ ಸೋಮವಾರ ಹೆಗಲು ಒರೆಸಿಕೊಳ್ಳುತ್ತಿದ್ದೇವೆ.

ಗೊತ್ತಿದ್ದೂ ಗೆಥಿನ್‌ನನ್ನು ಯಾಕೆ ಬೇಡ ಅಂದೆ ಎಂದು ಕೇಳಿದೆ. ಧ್ವನಿ ನನ್ನದೇ ಅನಿಸಲಿಲ್ಲ.

“ಆ ಮನೆ, ಈ ಮನೆ ಒಂದಾಗಿದ್ರೆ ಯಾವತ್ತಾದ್ರೂ ಮಾತು ಬೀಳ್ತಿತ್ತು ಮಗಳೇ. ಊಟ ಮಾಡ್ತಾ, ಜಗಳ ಆಡ್ತಾ... ಯಾವತ್ತಾದ್ರೂ. ನಾನು ಹೆದರಿದೆ.”

ಆಮೇಲೆ ಟೀ ಕೇಳಿದಳು. ಮಾಡಿಕೊಟ್ಟೆ. ಎರಡು ಸಕ್ಕರೆ. ಮೂವತ್ತೈದು ವರ್ಷ ನನ್ನನ್ನು ಈ ಕೋಣೆಯಲ್ಲಿ ಕೂಡಿಹಾಕಿದ್ದು ಇವಳ ಹೆದರಿಕೆ. ದ್ವೇಷ ಬರಬೇಕಿತ್ತು. ಬಂತು ಕೂಡ. ಜೊತೆಗೇ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಸಾಯುವ ಮುದುಕನ ಕೈ ಹಿಡಿದು ನಿಂತದ್ದೂ ಕಣ್ಣ ಮುಂದೆ ಬಂತು. ಏನು ಮಾಡಲಿ ನಾನು.

ನವೆಂಬರ್ 13, ಗುರುವಾರ, ಸಂಜೆ 5

ಕಾರ್ಡನ್ನು ಚೌಕಟ್ಟಿನಿಂದ ಬಿಚ್ಚಿದೆ. ಅಮ್ಮ ನೋಡುತ್ತಲೇ ಇದ್ದಳು. ಆರನೇ ಮನೆಯ ಬಾಗಿಲು ತಟ್ಟಿದೆ. ಹುಟ್ಟಿದಾಗಿನಿಂದ ಪಕ್ಕದಲ್ಲಿದ್ದೂ ಒಳಗೆ ಕಾಲಿಟ್ಟದ್ದು ಇದೇ ಮೊದಲು. ನಮ್ಮ ಮನೆಯದೇ ನಕಲು. ಮೆಟ್ಟಿಲು ಮಾತ್ರ ಎಡಕ್ಕೆ.

ಕುರ್ಚಿಗಳೆಲ್ಲ ಹೋಗಿದ್ದವು. ಸಾಮಾನು ತುಂಬಿದ ಮರದ ಪೆಟ್ಟಿಗೆಗಳ ಮೇಲೆ ಕೂತೆವು. ಜೆರಾಕ್ಸ್ ಕೊಟ್ಟೆ. ಅಂಚೆಯವನಲ್ಲವೇ, ಮೊದಲು ಕೈಬರಹ ನೋಡಿದ, ಆಮೇಲೆ ವಿಳಾಸ. ಮಡಚಿ ವಾಪಸ್ ಕೊಟ್ಟ.

ಗೊತ್ತಿತ್ತಂತೆ. ಅವನ ತಾತ ಲಿವರ್‌ಪೂಲಿನ ಹಡಗು ಹಿಡಿಯಲು ಕಡಲತೀರಕ್ಕೆ ಹೋದಾಗ, ಗೋದಾಮಿನ ಬಾಗಿಲಲ್ಲಿ ನಮ್ಮವರನ್ನು ಕಂಡರಂತೆ. ಮುಖಾಮುಖಿ. ಇಬ್ಬರೂ ಟೋಪಿ ಮುಟ್ಟಿ ಮುಂದೆ ಹೋದರಂತೆ. ಅವನ ತಾತ ಊರಿಗೆ ಬಂದಾಗ ತಮ್ಮ ಮನೆಯ ಕಿಟಕಿಗೆ ಕಲ್ಲು ಬಿದ್ದಿತ್ತು. ಆಗಲೂ ಹೇಳಲಿಲ್ಲ. ಹೇಳಿದ್ದರೆ ಐದು ಮಕ್ಕಳ ಮನೆಗೆ ಅಂಗಡಿಯವರು ಹಿಟ್ಟು ಕೊಡುವುದು ನಿಲ್ಲುತ್ತಿತ್ತು. ತಮಗಾಗ ಮಕ್ಕಳಿರಲಿಲ್ಲ, ತಡೆದುಕೊಂಡರು. ಆಮೇಲೆ ಮಕ್ಕಳಾದರು, ಮಾತು ಹಳೆಯದಾಯಿತು, ಹೆಸರು ಅಂಟಿಕೊಂಡಿತು.

ಚಾಪೆಲ್ ಮೆಟ್ಟಿಲಲ್ಲಿ ನನ್ನನ್ನು ಕೇಳಿದಾಗಲೂ ಗೊತ್ತಿತ್ತೇ? ಗೊತ್ತಿತ್ತು. ಹಾಗಾದರೆ ಒಂದು ಮಾತು ಹೇಳಬಾರದಿತ್ತೇ?

“ಹೇಳಿದ್ರೆ ನೀನು ಬರ್ತಿದ್ದೆ ನೆಸ್ಟ್. ತಪ್ಪು ತೀರಿಸೋಕೆ ಬಂದ ಹಾಗೆ ಬರ್ತಿದ್ದೆ. ನಂಗೆ ಹಾಗೆ ಬೇಕಿರ್ಲಿಲ್ಲ.”

ಅತ್ತುಬಿಟ್ಟೆ. ಅವನ ಮುಂದೆಯೇ. ಐವತ್ತೇಳರಲ್ಲಿ ಮೂಗು ಸೋರಿಸಿಕೊಂಡು ಅಳುವುದು ನೋಡಲು ಚೆನ್ನಾಗಿರುವುದಿಲ್ಲ. ಅವನು ಪೆಟ್ಟಿಗೆಯಿಂದ ಪಾತ್ರೆ ಸುತ್ತಿದ್ದ ಟವೆಲ್ಲು ತೆಗೆದುಕೊಟ್ಟ.

ಕಾರ್ಡು ಮುಂದೆ ಚಾಚಿದೆ. ಒಂದು ದಿನವಾದರೂ ನಿನ್ನ ಕಿಟಕಿಯಲ್ಲಿರಲಿ, ಊರು ನೋಡಲಿ ಅಂದೆ. ತಲೆಯಾಡಿಸಿದ. “ನಮ್ಮನೆಗೆ ಇದು ಯಾವತ್ತೂ ಬೇಕಾಗ್ಲಿಲ್ಲ” ಅಂದ. ಗರ್ವವಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವಂತೆ ಅಂದ. ಒಲ್ವೆನ್‌ಳ ಫೋಟೋ ಕೇಳಿದೆ. ಕೊಟ್ಟ. ಹಸಿರು ಗೌನು, ಬಾಯಿ ಅರ್ಧ ತೆರೆದು.

ಇನ್ನೆರಡು ದಿನ ನಿಲ್ಲು, ಶನಿವಾರ ಹಾಲ್‌ಗೆ ಬಾ ಅಂದೆ. ಲಾರಿ ಗೊತ್ತುಮಾಡಿ ಆಗಿದೆ ಅಂದ.

ನವೆಂಬರ್ 14, ಶುಕ್ರವಾರ

ಬೆಳಿಗ್ಗೆ ಎಂಟೂವರೆಗೆ ಲಾರಿ. ಒಂಬತ್ತೂ ಕಾಲಿಗೆ ಹೋಯಿತು.

ಗೋಡೆಯಾಚೆ ಏನೂ ಇಲ್ಲ.

ನವೆಂಬರ್ 15, ಶನಿವಾರ, ಮಧ್ಯಾಹ್ನ 3

ಹಾಲ್‌ನ ಅಡುಗೆಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಟೆಗ್ವಿನ್‌ನ ಭಾಷಣ, ಆಮೇಲೆ ನನ್ನದು. ಏನು ಹೇಳಬೇಕೆಂದು ಬರೆದಿಟ್ಟುಕೊಳ್ಳದೆ ವೇದಿಕೆ ಹತ್ತಲಾರೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಹದಿಮೂರನೇ ಮೊಳೆ ಹೊಡೆದೆ. ಜರಡಿ ಜೋನ್ಸ್‌ಗೂ ಆಮೆನ್ ಜೋನ್ಸ್‌ಗೂ ನಡುವೆ ಒಲ್ವೆನ್. ಕೆಳಗೆ ‘ಒಲ್ವೆನ್ ಜೋನ್ಸ್, ಹಾಡುಗಾರ್ತಿ, ನಡುಸಾಲು 6’ ಅಷ್ಟೆ. ಟೆಗ್ವಿನ್ ನೋಡಿ ಕೆಂಪಾದ. ಜನ ಬರುತ್ತಿದ್ದರು, ಕೀಳಲಾಗಲಿಲ್ಲ. ಕಾರ್ಡಿನ ಜಾಗ ಖಾಲಿ. ಅದು ನನ್ನ ಬ್ಯಾಗಿನಲ್ಲಿದೆ, ಜೆರಾಕ್ಸಿನ ಜೊತೆ. ಅದೆಲ್ಲಿ ಎಂದು ಮೂರು ಸಲ ಕೇಳಿದ. ಭಾಷಣದಲ್ಲಿ ತೋರಿಸುತ್ತೇನೆ ಅಂದೆ.

ಅಮ್ಮ ಮೊದಲ ಸಾಲಿನಲ್ಲಿ, ಹೊಸ ಟೋಪಿಯಲ್ಲಿ. ಬರಬೇಡ ಅಂದಿದ್ದೆ. ನಾನೇ ಕೋಟು ತೊಡಿಸಬೇಕಾಯಿತು. ಗುಂಡಿ ಹಾಕುವಾಗ ನನ್ನ ಕೈ ಹಿಡಿದು, “ತಾತ ಹೇಳಿದಾಗ ನನ್ ಕೈ ಹೀಗೇ ಹಿಡ್ಕೊಂಡಿದ್ದ” ಅಂದಳು. ಬಿಡಲು ತುಂಬ ಹೊತ್ತು ಬೇಕಾಯಿತು.

ಚಪ್ಪಾಳೆ ಬಿತ್ತು. ಟೆಗ್ವಿನ್ ಮುಗಿಸಿದ. ನನ್ನ ಹೆಸರು ಕರೆಯುತ್ತಿದ್ದಾನೆ. ಬರೀ ನೆಸ್ಟ್ ಜೋನ್ಸ್ ಅಂದರೆ ಯಾರೆಂದು ತಿಳಿಯುವುದಿಲ್ಲವಲ್ಲ, ‘ಕಾರ್ಡಿನ ಮನೆ’ ಅಂತ ಸೇರಿಸಿದ. ಮೊದಲು ಅದನ್ನೇ ತಿದ್ದಬೇಕು. ಮೊದಲ ವಾಕ್ಯ ಸರಿಯಾಗಿ ಬಂದರೆ ಉಳಿದದ್ದು ಬರುತ್ತದೆ.

ಎಲ್ಲರಿಗೂ ನಮಸ್ಕಾರ. ನಾನು ನೆಸ್ಟ್. ದ್ರೋಹಿ ಜೋನ್ಸರ ಮನೆಯ—